ಪದಚರ್ಚೆ: ‘ಓಓಸಿ’ಗೆ ಕನ್ನಡದಲ್ಲಿ ಏನನ್ನೋಣ? ಥೇಟ್, ಜಾಯಮಾನ, ಪಾತ್ರಭಂಗ

ಗೆಳೆಯರೇ,

ಒಂದು ಪದ ಬೇಕಾಗಿದೆ. ಫ್ಯಾನ್ ಫಿಕ್ಷನ್ ಓದುವವರಿಗೆ ‘ಓಓಸಿ’ ಗೊತ್ತಿರುತ್ತದೆ. ‘ಔಟ್ ಆಫ್ ಕ್ಯಾರೆಕ್ಟರ್’ ಅನ್ನುವುದರ ಚುಟುಕು. ಬೇರೆಯವರು ಹುಟ್ಟಿಸಿದ ಪಾತ್ರವನ್ನು ಅಭಿಮಾನಿಯೊಬ್ಬರು ತಮ್ಮ ಕಥೆಗೆ ಕರೆತರುತ್ತಾರೆ. ಆ ಪಾತ್ರ ಇಲ್ಲಿ ತಾನಾಗಿ ಉಳಿದಿಲ್ಲ ಅನ್ನಿಸಿದರೆ ಓದುಗರು ‘ಇದು ಓಓಸಿ’ ಅಂತಾರೆ. ಕನ್ನಡದಲ್ಲಿ ಬರೆಯುವವರೂ ಇದನ್ನೇ ಬಳಸುತ್ತಿದ್ದಾರೆ. ಪದ ಇಂಗ್ಲಿಷಿನದು ಅನ್ನುವುದು ನನ್ನ ತಕರಾರಲ್ಲ. ಬೇರೆ ಬೇರೆ ದೂರುಗಳನ್ನೆಲ್ಲ ಈ ಮೂರಕ್ಷರದೊಳಗೆ ತುರುಕುತ್ತಿದ್ದೇವೆ, ಅದೇ ನನಗೆ ಕಷ್ಟವಾಗಿರುವುದು.

ಬಸವನಗುಡಿಯಲ್ಲಿ ನಾವು ಕೆಲವರು ಸೇರಿ ಒಬ್ಬರ ಬರಹ ಇನ್ನೊಬ್ಬರು ಓದುತ್ತೇವೆ. ಈಚೆಗೆ ಒಬ್ಬರು ಷರ್ಲಾಕ್ ಹೋಮ್ಸ್‌ನನ್ನು ಬೆಂಗಳೂರಿಗೆ ಕರೆತಂದು ಬರೆದರು. ಆರ್ಥರ್ ಕಾನನ್ ಡಾಯ್ಲ್ ಬರೆದ ಮೂಲ ಪತ್ತೇದಾರಿ ಕಥೆಗಳಲ್ಲಿ ಇದಕ್ಕೆ ಜಾಗ ಇದೆ. 1891ರಲ್ಲಿ ಜಲಪಾತಕ್ಕೆ ಬಿದ್ದು ಸತ್ತ ಅಂತ ಎಲ್ಲರೂ ನಂಬಿದ ಹೋಮ್ಸ್ 1894ರಲ್ಲಿ ಲಂಡನ್ನಿಗೆ ವಾಪಸ್ ಬರುತ್ತಾನೆ. ನಡುವೆ ಟಿಬೆಟ್, ಪರ್ಷಿಯಾ, ಮೆಕ್ಕಾ ಸುತ್ತಿದೆ ಅಂತ ನಾಲ್ಕು ಸಾಲಲ್ಲಿ ಹೇಳಿ ಮುಗಿಸುತ್ತಾನೆ. ಅಭಿಮಾನಿ ಲೇಖಕರಿಗೆ ಆ ಮೂರು ವರ್ಷ ಸುಗ್ಗಿ. ನಮ್ಮ ಗೆಳತಿಯ ಕಥೆಯಲ್ಲಿ ಅವನು 1892ರಲ್ಲಿ ದಂಡು ಪ್ರದೇಶದಲ್ಲಿ ಬೇರೆ ಹೆಸರಿಟ್ಟುಕೊಂಡು ಉಳಿಯುತ್ತಾನೆ. ಚಿಕ್ಕಪೇಟೆಯ ರೇಷ್ಮೆ ವ್ಯಾಪಾರಿಯ ಮನೆಯ ಕಳವನ್ನು ಪತ್ತೆ ಮಾಡುತ್ತಾನೆ. ಅಲ್ಲಿವರೆಗೂ ಕಥೆ ತುಂಬಾ ಚೆನ್ನಾಗಿದೆ. ಕೊನೆಯಲ್ಲಿ ಆ ವ್ಯಾಪಾರಿಯ ಜಗಲಿಯ ಮೇಲೆ ಕೂತು, ತಾನು ಎಷ್ಟು ಒಂಟಿ ಅಂತ ಪುಟಗಟ್ಟಲೆ ಹೇಳಿಕೊಂಡು ಅಳುತ್ತಾನೆ.

ಚರ್ಚೆ ಶುರುವಾಯಿತು. ಒಬ್ಬರು ‘ಹೋಮ್ಸ್ ಕ್ಯಾರೆಕ್ಟರ್ ಕೆಟ್ಟಿದೆ’ ಅಂದರು. ಇನ್ನೊಬ್ಬರಿಗೆ ಕೋಪ ಬಂತು. ಕಾರಣ ನಿಮಗೆ ಗೊತ್ತೇ ಇದೆ. ಕನ್ನಡದಲ್ಲಿ ‘ಕ್ಯಾರೆಕ್ಟರ್ ಸರಿ ಇಲ್ಲ’ ಅಂದರೆ ನಡತೆಯ ಮೇಲಿನ ಆರೋಪ. ಹೆಣ್ಣು ಪಾತ್ರವಾಗಿದ್ದರೆ ಈ ಮಾತು ಇನ್ನೂ ಕೆಟ್ಟದಾಗಿ ಕೇಳುತ್ತಿತ್ತು. ಹಾಗಾಗಿ ‘ಕ್ಯಾರೆಕ್ಟರ್’ ಹಿಡಿದು ಪದ ಕಟ್ಟುವ ದಾರಿ ನಮಗಿಲ್ಲ. ‘ಶೀಲ’, ‘ನಡತೆ’ಗಳಿಗೂ ಇದೇ ತೊಂದರೆ.

ಒಬ್ಬರು ಅಂದರು, ‘ಹೋಮ್ಸ್ ಬೆಂಗಳೂರಿಗೆ ಬಂದಿದ್ದೇ ಓಓಸಿ.’ ನನಗೆ ಇದು ಒಪ್ಪಿಗೆಯಿಲ್ಲ. ಅದು ಕಥೆ ಬದಲಾದದ್ದು, ಪಾತ್ರ ಬದಲಾದದ್ದಲ್ಲ. ಪಂಪ 941ರಲ್ಲೇ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಬರೆದ. ಕುವೆಂಪು ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. ಇದರ ಮೇಲೆ ನಮ್ಮಲ್ಲಿ ಬೇಕಾದಷ್ಟು ವಾದ ನಡೆದಿದೆ, ನಡೆಯಲಿ. ಆದರೆ ಘಟನೆ ಬದಲಾಯಿತು ಅಂದಮಾತ್ರಕ್ಕೆ ರಾಮ ರಾಮನಲ್ಲ ಅನ್ನಲು ಬರುವುದಿಲ್ಲ. ಇದಕ್ಕೆ ಸುಮ್ನೆ ‘ಕಥೆ ಬದಲು’ ಅಂದರೆ ಸಾಕು.

ವಿವರದ ತಪ್ಪು ಮತ್ತೊಂದು ಜಾತಿ. 1887ರ ಮೊದಲ ಕಾದಂಬರಿಯಲ್ಲಿ ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ ಗುಂಡೇಟು ಬಿದ್ದದ್ದು ಭುಜಕ್ಕೆ. 1890ರದರಲ್ಲಿ ಅದು ಕಾಲಿಗೆ ಇಳಿದಿದೆ. ಬರೆದವರು ಡಾಯ್ಲ್ ಅವರೇ. ಅದರಿಂದ ವಾಟ್ಸನ್‌ಗೆ ಏನೂ ಆಗಿಲ್ಲ.

ಈಗ ಅಳುವಿನ ವಿಷಯಕ್ಕೆ ಬರೋಣ. ನಮ್ಮ ಗುಂಪಿನ ಹಿರಿಯರೊಬ್ಬರು ಪುಸ್ತಕ ಮುಚ್ಚಿಟ್ಟು, ‘ಇದು ಅವನ ಜಾಯಮಾನಕ್ಕೆ ಒಗ್ಗಲ್ಲ ಕಣಮ್ಮ’ ಅಂದರು. ಇದೇ ಅಲ್ವಾ ನಾವು ಹುಡುಕುತ್ತಿರುವುದು? ಜಾಯಮಾನ ಸಂಸ್ಕೃತದಲ್ಲಿ ‘ಹುಟ್ಟುತ್ತಿರುವ’ ಅನ್ನುವ ಅರ್ಥದ ಪದ. ಕನ್ನಡಕ್ಕೆ ಬಂದು ಹುಟ್ಟಿನಿಂದ ಬಂದ ಗುಣ ಅನ್ನುವ ಅರ್ಥದಲ್ಲಿ ನೆಲೆಸಿದೆ. ‘ಕೈಚಾಚುವುದು ಅವಳ ಜಾಯಮಾನದಲ್ಲೇ ಇಲ್ಲ’ ಅಂತೀವಿ. ಒಬ್ಬರು ಏನು ಮಾಡಿದರು ಅನ್ನುವುದಕ್ಕಿಂತ ಯಾವುದಕ್ಕೆ ಸುಲಭವಾಗಿ ಇಳಿಯುವುದಿಲ್ಲ ಅನ್ನುವುದನ್ನು ಈ ಪದ ಹೇಳುತ್ತದೆ. ಪಾತ್ರ ತಾನಾಗಿ ಉಳಿದಿದೆಯೋ ಇಲ್ಲವೋ ಅಂತ ನಾವು ನೋಡುವುದೂ ಅಲ್ಲೇ.

ಹಾಗಾದರೆ ಹೋಮ್ಸ್‌ಗೆ ಕಣ್ಣೀರೇ ಬರಬಾರದಾ? ಬರಬಹುದು. 1924ರಲ್ಲಿ ಬಂದ ಗ್ಯಾರಿಡೆಬ್‌ಗಳ ಕಥೆ ನೋಡಿ. ಅಪರಾಧಿಯೊಬ್ಬ ಹಾರಿಸಿದ ಗುಂಡು ವಾಟ್ಸನ್‌ನ ತೊಡೆಗೆ ತಾಗುತ್ತದೆ. ಹೋಮ್ಸ್ ಓಡಿಬರುತ್ತಾನೆ. ಅವನ ಕಣ್ಣು ಒಂದು ಗಳಿಗೆ ಮಂಜಾಗುತ್ತದೆ, ತುಟಿ ಅದುರುತ್ತದೆ. ಇಷ್ಟಕ್ಕೇ ವಾಟ್ಸನ್, ಈ ಪ್ರೀತಿ ಕಾಣಲು ಎಷ್ಟು ಗಾಯವಾದರೂ ಸರಿ ಅಂದುಕೊಳ್ಳುತ್ತಾನೆ. ಗಾಯ ಮೇಲುಮೇಲಿನದು ಅಂತ ಗೊತ್ತಾದ ಮೇಲೆ ಹೋಮ್ಸ್ ಆ ಅಪರಾಧಿಯ ಕಡೆ ತಿರುಗಿ, ವಾಟ್ಸನ್ ಸತ್ತಿದ್ದರೆ ನೀನು ಜೀವಸಹಿತ ಈ ಕೋಣೆಯಿಂದ ಹೋಗುತ್ತಿರಲಿಲ್ಲ ಅನ್ನುತ್ತಾನೆ. ಮೊದಲ ಕಾದಂಬರಿ ಬಂದು ಮೂವತ್ತೇಳು ವರ್ಷವಾದ ಮೇಲೆ ಸಿಕ್ಕ ಕೆಲವೇ ಸಾಲು. ಅಲ್ಲಿ ಹೋಮ್ಸ್ ಕರಗಿದ್ದೂ ನಿಜ, ಹೋಮ್ಸ್ ಆಗಿಯೇ ಉಳಿದದ್ದೂ ನಿಜ. ಜಗಲಿಯ ಮೇಲೆ ಪರಿಚಯವಾಗಿ ವಾರವಾಗದ ವ್ಯಾಪಾರಿಯ ಮುಂದೆ ಅಷ್ಟೊಂದು ಹೇಳಿಕೊಳ್ಳುವವನನ್ನು ನಾನು ನಂಬಲಾರೆ.

‘ಮೂರು ವರ್ಷ ಒಬ್ಬನೇ ಅಲೆದವನು ಬದಲಾಗಬಾರದಾ?’ ಅಂತ ಬರೆದವರು ಕೇಳಿದರು. ನ್ಯಾಯವಾದ ಪ್ರಶ್ನೆ. ಬದಲಾಗಲಿ, ಆದರೆ ಬದಲಾಗುವಂಥದ್ದು ಏನಾಯಿತು ಅಂತ ಕಥೆಯೊಳಗೇ ಕಾಣಬೇಕು. ಅದಕ್ಕೊಂದು ಬಾಗಿಲು ಮೂಲದಲ್ಲೇ ತೆರೆದಿದೆ. ಹೋಮ್ಸ್ ವಾಪಸ್ ಬರುವಷ್ಟರಲ್ಲಿ ವಾಟ್ಸನ್ ತನ್ನವರನ್ನು ಕಳೆದುಕೊಂಡಿರುತ್ತಾನೆ. ತೀರಿಕೊಂಡವಳು ಹೆಂಡತಿ ಮೇರಿ ಎಂದೇ ಓದುಗರು ತಿಳಿಯುತ್ತಾರೆ. ಆ ಸುದ್ದಿ ಹೋಮ್ಸ್‌ಗೆ ಹೇಗೋ ತಿಳಿದಿರುತ್ತದೆ. ಹೇಗೆ ಅಂತ ಡಾಯ್ಲ್ ಬರೆದಿಲ್ಲ. ಆ ಸುದ್ದಿಯ ಕಾಗದ ಚಿಕ್ಕಪೇಟೆಯಲ್ಲಿ ಅವನ ಕೈಗೆ ಬಂದು, ಗೆಳೆಯನಿಗೆ ಸಮಾಧಾನ ಹೇಳಬೇಕೆಂದರೂ ತಾನು ಸತ್ತವನು ಅನ್ನುವುದು ಅವನಿಗೆ ತಟ್ಟಿದ್ದರೆ? ಆಗ ಅವನು ಕಾಗದ ಮಡಚಿ ಜೇಬಲ್ಲಿಟ್ಟುಕೊಂಡು ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ತಪ್ಪು ಹುಡುಕಿದರೂ ನಾನು ಅತ್ತುಬಿಡುತ್ತಿದ್ದೆ. ಇದನ್ನು ಅವರಿಗೂ ಹೇಳಿದ್ದೇನೆ.

ಇನ್ನು ‘ಥೇಟ್’. ‘ಥೇಟ್ ಹೋಮ್ಸ್ ಕಣ್ರೀ’ ಅನ್ನುವ ಹೊಗಳಿಕೆ ನಮ್ಮಲ್ಲಿ ಬೇಗ ಬರುತ್ತದೆ. ಆದರೆ ಥೇಟ್ ಅನ್ನುವುದು ಹೊರಗಿನ ಹೋಲಿಕೆಗೆ ಜಾಸ್ತಿ ಒಗ್ಗುತ್ತದೆ. ಪೈಪು, ಪಿಟೀಲು, ಕಿವಿಮುಚ್ಚುವ ಟೋಪಿ. ಆ ಟೋಪಿ ನಮ್ಮ ಕಣ್ಣಲ್ಲಿ ನಿಂತದ್ದು ಸಿಡ್ನಿ ಪ್ಯಾಜೆಟ್ ಬರೆದ ಚಿತ್ರಗಳಿಂದ. ‘ಎಲಿಮೆಂಟರಿ, ಮೈ ಡಿಯರ್ ವಾಟ್ಸನ್’ ಅನ್ನುವ ಮಾತಂತೂ ಡಾಯ್ಲ್ ಕಥೆಗಳಲ್ಲಿ ಆ ರೂಪದಲ್ಲಿ ಇಲ್ಲವೇ ಇಲ್ಲ. ಇವನ್ನೆಲ್ಲ ತುಂಬಿಸಿ ಥೇಟ್ ಅನ್ನಿಸಿಕೊಂಡ ಕಥೆಯಲ್ಲೂ ಹೋಮ್ಸ್ ಇಲ್ಲದಿರಬಹುದು.

‘ಪಾತ್ರೋಚಿತ’ ಅನ್ನೋಣವೆಂದರೆ ಅದನ್ನು ನಾಟಕದ ವಿಮರ್ಶೆಗಳು ಆಗಲೇ ನಟರಿಗೆ ಕೊಟ್ಟಿವೆ: ಪಾತ್ರೋಚಿತ ಅಭಿನಯ, ಪಾತ್ರೋಚಿತ ವೇಷ. ನನಗೆ ಹತ್ತಿರ ಅನ್ನಿಸುವುದು ತಾಳಮದ್ದಳೆಯವರ, ಅಂದರೆ ವೇಷ ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನದವರ ಮಾತು. ಅಲ್ಲಿ ಪ್ರಸಂಗದ ಪದ್ಯ ಮೊದಲೇ ಇದೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಆಗಿನದಾಗಲೇ ಹುಟ್ಟಬೇಕು. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಕರ್ಣಭೇದನ ಪ್ರಸಂಗದಲ್ಲಿ ಒಬ್ಬರ ಕರ್ಣ ಸಿಟ್ಟಾಗುತ್ತಾನೆ, ಇನ್ನೊಬ್ಬರ ಕರ್ಣ ತಾಯಿಯನ್ನು ನೆನೆದು ಕುಗ್ಗುತ್ತಾನೆ. ಎರಡೂ ಕರ್ಣನೇ. ಕೃಷ್ಣ ರಾಜ್ಯ ತೋರಿಸಿದಾಗ ಒಂದು ಗಳಿಗೆ ಆಸೆಪಟ್ಟಂತೆ ಮಾತಾಡಿದರೆ ಮಾತ್ರ, ಪಾತ್ರದ ಚೌಕಟ್ಟು ಮೀರಿದರು ಅನ್ನುವ ಮಾತು ಬರುತ್ತದೆ.

ನನ್ನ ಸಲಹೆ ‘ಪಾತ್ರಭಂಗ’. ರಸಭಂಗ, ಯತಿಭಂಗ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬರಹದಲ್ಲಿ ಅದು, ಮಾತಿನಲ್ಲಿ ‘ಜಾಯಮಾನಕ್ಕೆ ಒಗ್ಗಲಿಲ್ಲ’.

ಆದರೆ ಮೆಚ್ಚುವಾಗ ಏನನ್ನೋಣ? ಜಾಯಮಾನ ಹೆಚ್ಚಾಗಿ ‘ಇಲ್ಲ’, ‘ಒಗ್ಗಲ್ಲ’ಗಳ ಜೊತೆಗೇ ಬರುತ್ತದೆ. ‘ಅವನ ಜಾಯಮಾನವೇ ಅಷ್ಟು’ ಅಂದರೆ ಬೈದ ಹಾಗಾಗುತ್ತದೆ. ಧಾರವಾಡ, ಕಲಬುರಗಿ ಕಡೆಯವರು ಇದನ್ನು ಹೊಗಳಿಕೆಯಲ್ಲಿ ಬಳಸುತ್ತೀರಾ? ಕರ್ಣನನ್ನು ಕರ್ಣನಾಗಿಯೇ ಉಳಿಸಿದ ಅರ್ಥಧಾರಿಗೆ ಕರಾವಳಿಯವರು ಯಾವ ಮಾತು ಹೇಳುತ್ತೀರಿ? ‘ಪಾತ್ರಭಂಗ’ವನ್ನು ಯಾರಾದರೂ ಬೇರೆ ಅರ್ಥದಲ್ಲಿ ಓದಿದ್ದರೆ ಅದನ್ನೂ ತಿಳಿಸಿ. ವಾಕ್ಯದ ಸಮೇತ ಬರೆದರೆ ಉಪಕಾರ.