ಎಷ್ಟೋ ವರ್ಷದ ಮೇಲೆ ಮತ್ತೆ ಸಂಗೀತ ಕಚೇರಿ ಕೇಳಬೇಕು: ರಾಮನವಮಿ ಪೆಂಡಾಲಿಗೇ ಹೋಗಲಾ?

ತಂಬೂರಿ:
ಎಲ್ಲರಿಗೂ ನಮಸ್ಕಾರ. ಹುಡುಗಿಯಾಗಿದ್ದಾಗ ಹಾಡು ಕಲಿತಿದ್ದೆ, ಜೂನಿಯರ್ ಪರೀಕ್ಷೆಯೂ ಆಗಿತ್ತು. ಪ್ರತಿ ವರ್ಷ ಅಪ್ಪನ ಜೊತೆ ಬೆಂಗಳೂರಿನ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿ ಕೇಳುತ್ತಿದ್ದೆ. ಆಮೇಲೆ ಮದುವೆ, ಮಸ್ಕತ್, ಮಕ್ಕಳು. ಕಾರಿನಲ್ಲಿ ಹಾಡು ಹಾಕಿಕೊಳ್ಳೋದು ಬಿಟ್ಟರೆ ವಿದ್ವಾಂಸರ ಎದುರು ಕೂತು ಕೇಳಿದ್ದೇ ಇಲ್ಲ. ಈಗ ವಾಪಸ್ ಬಂದು ಕೆಂಗೇರಿಯಲ್ಲಿದ್ದೇವೆ, ಈ ಸಲ ಹೋಗಲೇಬೇಕು ಅಂತ ಆಸೆ.

ಆದರೆ ಅಳುಕು ಇದೆ. ಮೊದಲು ಆಲಾಪನೆಯ, ಅಂದರೆ ಸಾಹಿತ್ಯವಿಲ್ಲದೆ ರಾಗ ಬಿಡಿಸುವಾಗಿನ, ಎರಡು ಸಂಚಾರ ಕೇಳಿದರೆ ಸಾಕು, ರಾಗ ಹೊಳೆಯುತ್ತಿತ್ತು. ಈಗ ಕಲ್ಯಾಣಿಯೋ ಶಂಕರಾಭರಣವೋ ಅನ್ನುವಲ್ಲೇ ತಡವರಿಸುತ್ತೇನೆ. ಮನೆಯಲ್ಲಿ ಒಂದಿಷ್ಟು ಕೇಳಿ ತಯಾರಾಗಿ ಹೋಗಬೇಕಾ, ಸುಮ್ನೆ ಹೋಗಿ ಕೂತುಬಿಡಬೇಕಾ? ಮಗನಿಗೆ ಹತ್ತು ವರ್ಷ, ಮೃದಂಗ ಅಂದರೆ ಪ್ರಾಣ. ಅವನು ಮೂರು ಗಂಟೆ ಕೂರುತ್ತಾನಾ?

ಪೇಟೆ ಹುಡುಗ:
ಅಕ್ಕ, ಯೋಚನೆ ಮಾಡಬೇಡಿ, ಹೋಗಿ. ರಾಗದ ಹೆಸರು ಹೇಳಿ ಅಂತ ಬಾಗಿಲಲ್ಲಿ ಯಾರೂ ಕೇಳಲ್ಲ. 1939ರಿಂದ ನಡೆದು ಬಂದಿರುವ ಉತ್ಸವ ಅದು, ಅಲ್ಲಿ ದೊಡ್ಡ ವಿದ್ವಾಂಸರ ಪಕ್ಕದ ಕುರ್ಚಿಯಲ್ಲೇ ಏನೂ ಕಲಿಯದ ನಮ್ಮಂಥವರು ಕೂತು ಖುಷಿಪಟ್ಟಿದ್ದೇವೆ. ಕೆಂಗೇರಿಯಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬನ್ನಿ, ಹಸಿರು ಮಾರ್ಗ ಹಿಡಿದರೆ ಎರಡನೇ ನಿಲ್ದಾಣವೇ ಕೆ.ಆರ್. ಮಾರ್ಕೆಟ್. ಅಲ್ಲಿಂದ ನಡೆದೇ ಹೋಗಬಹುದು. ಕಾರು ಮಾತ್ರ ಬೇಡ. ಯಾವ ದಿನ ಯಾರದು, ಟಿಕೆಟ್ ಹೇಗೆ ಅನ್ನೋದನ್ನ ಈ ವರ್ಷದ ಪಟ್ಟಿ ನೋಡಿ ತಿಳ್ಕೊಳ್ಳಿ.

ಪೆಂಡಾಲಿನ ಸೆಖೆ, ಹೊರಗಿನ ಗಾಡಿ ಸದ್ದು ಬೇಡ ಅನ್ನಿಸಿದರೆ ಕೆ.ಆರ್. ರಸ್ತೆಯ ಗಾಯನ ಸಮಾಜದ ಸಭಾಂಗಣ ಇದೆ. ಆದರೆ ನಿಮಗೆ ಅಪ್ಪನ ಜೊತೆ ಕೂತ ಜಾಗವೇ ಬೇಕು ಅಂತ ಕಾಣುತ್ತೆ.

ಸರಳೆ ವರಸೆ:
ನಾನು ಹಾಡು ಹೇಳಿಕೊಡುವವಳು, ಮೇಲಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ಕಲಿತವರಿಗೆ ಸ್ವಲ್ಪ ತಯಾರಿ ಬೇಕು ಮೇಡಂ. ಯಾರನ್ನೋ ಮೆಚ್ಚಿಸೋಕೆ ಅಲ್ಲ, ನಿಮ್ಮ ಸಂತೋಷ ಜಾಸ್ತಿ ಆಗಲಿ ಅಂತ. ಶಂಕರಾಭರಣ 29ನೇ ಮೇಳ (ಮೂಲ ರಾಗ), ಕಲ್ಯಾಣಿ 65ನೇದು, ಬೇರೆ ಆಗೋದು ಮಧ್ಯಮ, ಅಂದರೆ ಮ ಸ್ವರ ಒಂದೇ. ಅಲ್ಲಿ ಶುದ್ಧ ಮಧ್ಯಮ, ಇಲ್ಲಿ ಪ್ರತಿ ಮಧ್ಯಮ. ಶ್ರುತಿ ಹಾಕಿಕೊಂಡು ಸ ಪ ನಿಲ್ಲಿಸಿ, ನಡುವೆ ಒಮ್ಮೆ ಆ ಮಧ್ಯಮ, ಒಮ್ಮೆ ಈ ಮಧ್ಯಮ ಹಾಡಿ ನೋಡಿ. ನಾಲ್ಕು ದಿನ ಹೀಗೆ ಮಾಡಿದರೆ ಕಿವಿ ದಾರಿಗೆ ಬರುತ್ತೆ. ಗಂಟಲು ಏಳದಿದ್ದರೂ ಪರವಾಗಿಲ್ಲ, ಗುನುಗಿದರೂ ಸಾಕು.

ಇನ್ನೊಂದು ವಿಷಯ. ಕಚೇರಿಯಲ್ಲಿ ತಾಳ ಹಾಕುತ್ತಾ ಕೂತುಕೊಳ್ಳಿ. ಆದಿತಾಳ ನಿಮಗೆ ಹೇಳಬೇಕಾಗಿಲ್ಲ, ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಬೀಸು, ಒಟ್ಟು ಎಂಟಕ್ಷರ. ಎಷ್ಟೋ ವರ್ಷ ಬಿಟ್ಟು ಪಾಠಕ್ಕೆ ಮರಳಿದವರನ್ನು ನೋಡಿದ್ದೇನೆ, ರಾಗ ಮರೆತಿರುತ್ತಾರೆ, ಕೈ ಮಾತ್ರ ತಾನಾಗಿ ತಾಳ ಹಾಕುತ್ತಿರುತ್ತೆ. ಹಾಗೆ ತೊಡೆ ಮೇಲೆ ತಾಳ ನಡೆಯುತ್ತಿದ್ದರೆ ಗಾಯಕರು ನೆರವಲ್‌ನಲ್ಲಿ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವಾಗ) ಆ ಸಾಲನ್ನು ಎಲ್ಲಿ ಎತ್ತಿಕೊಂಡರು, ಸ್ವರ ಹಾಕಿ ಎಲ್ಲಿಗೆ ಬಂದು ಸೇರಿದರು ಅನ್ನೋದು ತಪ್ಪಲ್ಲ, ಹೊತ್ತು ಹೋದದ್ದೂ ಗೊತ್ತಾಗಲ್ಲ.

ತನಿ ಪ್ರಿಯ:
ಮಗನನ್ನು ಖಂಡಿತ ಕರ್ಕೊಂಡು ಹೋಗಿ! ನಾನು ಮೃದಂಗ ನುಡಿಸುತ್ತೇನೆ, ಅದಕ್ಕೇ ಇಷ್ಟು ಉತ್ಸಾಹ. ಅರ್ಧ ಗಂಟೆ ಮೊದಲೇ ಹೋಗಿ, ವೇದಿಕೆಯಲ್ಲಿ ಮೃದಂಗದವರು ಇರುವ ಕಡೆಗೆ ಕೂರಿ. ಎಡ ಮುಖಕ್ಕೆ ರವೆ ಕಲಸಿ ಮೆತ್ತುವುದು, ಶ್ರುತಿ ಸೇರಿಸುವುದು ಕಾಣಿಸಿದರೆ ಅವನ ಕಣ್ಣು ಅಲ್ಲೇ ನೆಟ್ಟಿರುತ್ತೆ. ಸ್ಪೀಕರ್ ಪಕ್ಕ ಮಾತ್ರ ಬೇಡ, ಮಗುವಿನ ಕಿವಿಗೆ ಹಿಂಸೆ.

ಮುಖ್ಯ ಕೃತಿ ಆದಮೇಲೆ ತನಿ ಆವರ್ತನ, ಅಂದರೆ ತಾಳವಾದ್ಯದವರೇ ನುಡಿಸುವ ಭಾಗ ಬರುತ್ತಲ್ಲ, ಅವನಿಗೆ ಮೊದಲೇ ಹೇಳಿಡಿ: ಮೃದಂಗ ಒಂದು ಸುತ್ತು, ಘಟವೋ ಖಂಜಿರವೋ ಒಂದು ಸುತ್ತು, ಹೋಗ್ತಾ ಹೋಗ್ತಾ ಸುತ್ತು ಚಿಕ್ಕದಾಗುತ್ತೆ, ಕೊನೆಗೆ ಇಬ್ಬರೂ ಸೇರಿ ಮೊಹರಾ ಅನ್ನೋ ಮುಕ್ತಾಯದ ನುಡಿ ನುಡಿಸಿ, ಕೋರ್ವೆ ಅನ್ನೋ ಕೊನೆಯ ಲೆಕ್ಕದ ಜೋಡಣೆಯನ್ನ ಮೂರು ಸಲ ನುಡಿಸಿ ಹಾಡಿಗೆ ಬಿಡುತ್ತಾರೆ. ಆ ಮೂರನ್ನು ಅವನು ಎಣಿಸಲಿ. ತನಿ ಶುರುವಾಗ್ತಿದ್ದ ಹಾಗೆ ಕಾಫಿಗೆ ಎದ್ದು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತೆ. ನೀವು ಹಾಗೆ ಮಾಡಬೇಡಿ, ದಯವಿಟ್ಟು.

ತಂಬೂರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನಿಗೆ ರವೆ ವಿಷಯ ಓದಿ ಹೇಳಿದೆ, ಈಗಲೇ ಹೊರಡೋಣ ಅಂತಿದ್ದಾನೆ. ಇಂದಿನಿಂದ ಶ್ರುತಿ ಹಾಕಿ ಕೂರುತ್ತೇನೆ. ಒಂದೇ ಅನುಮಾನ, ಅವನಿಗೆ ನಿದ್ದೆ ಬಂದು ನಡುವೆ ಎದ್ದು ಬರಬೇಕಾದರೆ ಯಾವಾಗ ಏಳಲಿ?

ಸರಳೆ ವರಸೆ:
ಒಂದು ಕೃತಿ ಮುಗಿದು ಚಪ್ಪಾಳೆ ಬೀಳುವಾಗ ಎದ್ದುಬಿಡಿ. ಆಲಾಪನೆ ನಡುವೆ ಬೇಡ. ಸಾಧ್ಯವಾದರೆ ತನಿ ಮುಗಿಯುವವರೆಗೆ ಇರಿ, ಆಮೇಲಿನದು ದೇವರನಾಮ, ತಿಲ್ಲಾನದಂಥ ಚಿಕ್ಕ ಚಿಕ್ಕವು, ನಿಮಗೆ ಬೇಕಾದಲ್ಲಿ ಹೊರಡಬಹುದು.