ಪಾ ನನ್ನ ಮಗನ ಹತ್ರ ಲಾಟರಿ ನಂಬರ್ ಕೇಳ್ತಾರೆ, ಏನ್ ಮಾಡಲಿ?

ಓನ್ನುಟ್ ಅಮ್ಮ:
ಎಲ್ಲರಿಗೂ ನಮಸ್ಕಾರ. ಬ್ಯಾಂಕಾಕಿಗೆ ಬಂದು 14 ತಿಂಗಳಾಯಿತು. ಮನೆಗೆಲಸಕ್ಕೆ ಬರುವ ಪಾ (ಥಾಯ್ ಭಾಷೆಯಲ್ಲಿ ದೊಡ್ಡಮ್ಮ) ತುಂಬಾ ಒಳ್ಳೆಯವರು. ಆದರೆ ಲಾಟರಿ ಡ್ರಾ ಇರುವ 1 ಮತ್ತು 16ನೇ ತಾರೀಖು ಹತ್ತಿರ ಬಂದರೆ ಸಾಕು, ನನ್ನ ಎಂಟು ವರ್ಷದ ಮಗನನ್ನು "ರಾತ್ರಿ ಏನು ಕನಸು ಬಿತ್ತು?" ಅಂತ ಕೇಳುತ್ತಾರೆ. ಹೋದ ತಿಂಗಳು ಬಿಸ್ಕೆಟ್ ಡಬ್ಬಿಯಲ್ಲಿ ಚೀಟಿ ಹಾಕಿ ಅವನಿಂದ ಎರಡು ಎತ್ತಿಸಿದರು. ಅದೇ ಎರಡಂಕಿ ಬಂದೇಬಿಟ್ಟಿತು! ಅವರಿಗೆ 2,000 ಬಾಟ್, ಇವನಿಗೆ ರಿಮೋಟ್ ಕಾರು. ಈಗ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟ ತುಂಬಾ ಬರೀ ಕಾರಿನ ನಂಬರ್. ಪಾಗೆ ಬೇಜಾರಾಗದ ಹಾಗೆ ಹೇಗೆ ಹೇಳಲಿ?

ಸೀಲೋಮ್ ಮಾಮ:
ತಂಗೀ, 22 ವರ್ಷದಿಂದ ಇಲ್ಲಿದ್ದೇನೆ. ಇಲ್ಲಿ ಇದು ಜೂಜಲ್ಲ, ಹದಿನೈದು ದಿನಕ್ಕೊಂದು ಹಬ್ಬ. ನಿಮ್ಮ ಓನ್ನುಟ್‌ನಲ್ಲೇ ಮೇ ನಾಕ್ ಗುಡಿ ಇದೆಯಲ್ಲ, ಡ್ರಾ ಹಿಂದಿನ ಸಂಜೆ ಹೋಗಿ ನೋಡಿ. ಹೆರಿಗೆಯಲ್ಲಿ ಸತ್ತು ದೆವ್ವವಾದ ಆ ನಾಕ್‌ಗೆ ಸೀರೆ ಉಡಿಸಿದ ಹಾಗೆ ಬಟ್ಟೆ ಕೊಡುತ್ತಾರೆ, ಮಗುವಿಗೆ ಆಟಿಕೆ, ನೋಡೋಕೆ ಟಿವಿ ಬೇರೆ! ಪಕ್ಕದ ಮರದ ಬೊಡ್ಡೆಗೆ ಪೌಡರ್ ತಿಕ್ಕಿ, ಮೂಗು ತಾಗುವಷ್ಟು ಬಗ್ಗಿ ಅಂಕಿ ಹುಡುಕುತ್ತಾರೆ. ಪ್ರಧಾನಿ ಕಾರಿನ ನಂಬರನ್ನೂ ಬಿಡುವುದಿಲ್ಲ. ಇವರಿಗೆ ಬುದ್ಧಿ ಹೇಳೋಕೆ ನಾವ್ಯಾರು?

ರಾಯಚೂರು ಬಿಸಿಲು:
ಅಕ್ಕ, ಪಾಗೆ ಹೇಳುವುದು ಆಮೇಲೆ. ಮೊದಲು ಹುಡುಗನಿಗೆ ಲೆಕ್ಕ ತೋರಿಸಿ. 00ರಿಂದ 99ರವರೆಗೆ ನೂರು ಚೀಟಿ ಅವನಿಂದಲೇ ಬರೆಸಿ. ಟಿಕೆಟ್ ಬೆಲೆ 80 ಬಾಟ್. ನೂರೂ ಕೊಂಡರೆ 8,000. ಕೊನೆಯ ಎರಡಂಕಿಗೆ ಬರುವುದು 2,000. ದೊಡ್ಡ ಬಹುಮಾನ 60 ಲಕ್ಷ ನಿಜ, ಆದರೆ ಅದಕ್ಕೆ ಆರಂಕಿಯೂ ಕೂಡಬೇಕು, ಹತ್ತು ಲಕ್ಷಕ್ಕೆ ಒಂದು. ಮತ್ತೆ 20 ವರ್ಷ ಆಗದವರಿಗೆ ಟಿಕೆಟ್ ಮಾರುವ ಹಾಗೇ ಇಲ್ಲ. ಕಾನೂನಿನ ಮೇಲೆ ಹಾಕಿ ಹೇಳಿಬಿಡಿ, ಪಾಗೂ ಬೇಜಾರಾಗುವುದಿಲ್ಲ.

ದಾವಣಗೆರೆ ಬೆಣ್ಣೆ:
ಲೆಕ್ಕ ಗಿಕ್ಕ ಬೇಡ. ಆ ಹೆಂಗಸನ್ನು ಇವತ್ತೇ ಬಿಡಿಸಿ! ನಮ್ಮಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಒಂದಂಕಿ ಲಾಟರಿ ಆಡುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬಂದಾಗ ಅವರ ಅಂಗಿ ಜೇಬು ನೋಡಿದರೆ ಸಾಕು, ಅಮ್ಮನಿಗೆ ಗೊತ್ತಾಗುತ್ತಿತ್ತು. ನಾಲ್ಕು ಬಳೆ ಹೋದವು, ಆಮೇಲೆ ಹೊಲಿಗೆ ಮಷೀನು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಾಗ ನಮ್ಮಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಮಕ್ಕಳು ಹಾಳಾಗುವ ಮೊದಲು ಊರಿಗೆ ವಾಪಸ್ ಹೊರಡಿ. ದುಡ್ಡು ಎಲ್ಲಿಯಾದರೂ ಬರುತ್ತೆ.

ಕುಡ್ಲದ ಕಡಲು:
ನಿಂತಿದ್ದು ಲಾಟರಿ, ಕದ್ದು ಆಡುವ ಓಸಿ ಜೂಜು ನಿಂತಿತಾ ಅಣ್ಣಾ? ನಮ್ಮ ಕಡೆಯವರು ತಲಪಾಡಿ ದಾಟಿ ಕೇರಳದ ಟಿಕೆಟ್ ತರುತ್ತಾರೆ. ಬ್ಯಾಂಕಾಕಿನಲ್ಲಿಯೂ ಸರ್ಕಾರದ್ದು ಒಂದು, ಕದ್ದು ಆಡುವ 'ನೆಲದಡಿಯ' ಲಾಟರಿ ಇನ್ನೊಂದು. ಪಾ ಯಾವುದು ಆಡ್ತಾರೆ, ಮೊದಲು ಅದನ್ನು ಕೇಳಿ.

ದಾವಣಗೆರೆ ಬೆಣ್ಣೆ:
ಎರಡೂ ಒಂದೇ. ನಿಮ್ಮ ಮನೆಯ ಬಳೆ ಹೋಗಿಲ್ಲ, ಅದಕ್ಕೇ ಹೀಗೆ ಮಾತಾಡ್ತೀರಿ.

ಕುಡ್ಲದ ಕಡಲು:
ನಾನು ಹೇಳಿದ್ದೇನು, ನೀವು ಹೇಳ್ತಿರೋದೇನು!

ಹಾಸನದ ಆಂಟಿ:
ನನ್ನ ಮಗಳೂ ಥಾಯ್ ಆಯಾ ಕೈಯಲ್ಲೇ ಬೆಳೆದಿದ್ದು, ಈಗ ಮೆಡಿಕಲ್ ಮೂರನೇ ವರ್ಷ. ಒಂದು ಕೆಟ್ಟ ಚಟ ಇಲ್ಲ. ಎಲ್ಲಾ ಕನ್ನಡ ಕ್ಲಾಸಿನಿಂದ. ಭಾನುವಾರ ಮಗನನ್ನು ಕಳಿಸಿ, ಎಲ್ಲ ಸರಿ ಹೋಗುತ್ತೆ.

ಓನ್ನುಟ್ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಪಾ ಅವರನ್ನು ಕೆಲಸ ಬಿಡಿಸೋಕೆ ಮನಸ್ಸಿಲ್ಲ. ಅವರೂ 80ರದ್ದಕ್ಕೆ ನೂರು ಬಾಟ್ ಕೊಟ್ಟು ಒಂದೇ ಟಿಕೆಟ್ ತಗೊಳ್ಳೋದು, ಸೈಕಲ್ಲಿನಲ್ಲಿ ಮರದ ಪೆಟ್ಟಿಗೆ ಇಟ್ಟುಕೊಂಡು ಬರುವ ಮುದುಕನ ಹತ್ತಿರ. ಬಿಸಿಲು ಅವರು ಹೇಳಿದ ಹಾಗೆ ರಾತ್ರಿ ನೂರು ಚೀಟಿ ಬರೆಸಿದೆ. 63ಕ್ಕೆ ಬಂದಾಗ ಮಗ ಪೆನ್ಸಿಲ್ ಇಟ್ಟು, "ಅಮ್ಮಾ, ಇಷ್ಟೊಂದಾ?" ಅಂದ. ಪೂರ್ತಿ ಮುಗಿಸಲಿಲ್ಲ. ಆಮೇಲೆ "ಹಾಗಾದರೆ ಪಾ ಯಾಕೆ ತಗೋತಾರೆ?" ಅಂತ ಕೇಳಿದ. ಅದಕ್ಕೆ ಏನು ಹೇಳಲಿ?

ಹಾಸನದ ಆಂಟಿ:
ಕ್ಲಾಸ್ ಬೆಳಿಗ್ಗೆ 10ಕ್ಕೆ. ನೀರಿನ ಬಾಟಲಿ ಕೊಟ್ಟು ಕಳಿಸಿ.