ಬೆರಳ ತುದಿಗೆ ಇನ್ನೂ ಜೋಮು, ಅರ್ಧಕ್ಕೆ ನಿಂತ ಸ್ಪಿಟ್‌ಫೈರ್ ಮುಗಿಸಲಾದೀತೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಕೀಮೋ ಮುಗಿದು ಮೂರು ತಿಂಗಳಾಯ್ತು. ಕಾಯಿಲೆ ಗೊತ್ತಾದ ವಾರ ಮುಚ್ಚಿಟ್ಟಿದ್ದ 1/72 (ಅಸಲಿಯ 72ನೇ ಒಂದು ಅಳತೆಯ) ಸ್ಪಿಟ್‌ಫೈರ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ ಕಿಟ್ಟನ್ನು ಮೊನ್ನೆ ಹೊರಗೆ ತೆಗೆದೆ. ಕಾಕ್‌ಪಿಟ್‌ಗೆ ಆಗಲೇ ಹಸಿರು ಬಳಿದಿದ್ದೆ, ರೆಕ್ಕೆ ಬಾಕಿ.

ನನಗೆ ಕೊಟ್ಟ ಔಷಧಿಗಳಲ್ಲಿ ಆಕ್ಸಾಲಿಪ್ಲಾಟಿನ್ ಇತ್ತು. ನರಗಳಿಗೆ ಪೆಟ್ಟಾಗಿ ಬೆರಳ ತುದಿಗಳೆಲ್ಲ ಜೋಮು. ಎಕ್ಸಾಸ್ಟ್ ತುಣುಕೊಂದನ್ನು ಸ್ಪ್ರೂನಿಂದ (ತುಣುಕುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಕತ್ತರಿಸಿದ್ದೇ ತಡ, ಕಾಣೆಯಾಯಿತು. ನೆಲದ ಮೇಲೆ ಟಾರ್ಚ್ ಹಿಡಿದು ಅರ್ಧ ಗಂಟೆ ತಡಕಾಡಿದೆ. ಕೊನೆಗೆ ನೋಡಿದರೆ ಅಂಟು ಮೆತ್ತಿದ್ದ ನನ್ನ ಹೆಬ್ಬೆರಳಿಗೇ ಅಂಟಿಕೊಂಡಿತ್ತು. ಬೆರಳಿಗೆ ಗೊತ್ತೇ ಆಗಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ.

ಇದೇ ವಿಮಾನ ಮುಗಿಸಬೇಕೆಂದು ಆಸೆ. ಈ ಸ್ಥಿತಿಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ಉತ್ತರ 1

ನಾನಿದ್ದೇನೆ. ನನಗೆ ಕೊಟ್ಟಿದ್ದು ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಬೇರೆ ಕೀಮೋ ಔಷಧಿ, ಜೋಮು ಮಾತ್ರ ಇದೇ. ಆಕ್ಸಾಲಿಪ್ಲಾಟಿನ್ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಜೋಮು ಏರುವುದುಂಟು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಈಗಿನ ಕೈಯೇ ಕೊನೆಯವರೆಗೂ ಅಂದುಕೊಳ್ಳಬೇಡಿ. ಪೂರ್ತಿ ಹೋಗದವರೂ ಇದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ.

ಒತ್ತಿದರೆ ಬಾಯಿ ತೆರೆಯುವ, ಬಿಟ್ಟರೆ ತಾನೇ ಕಚ್ಚಿಕೊಳ್ಳುವ ಚಿಮುಟ ತಗೊಳ್ಳಿ. ಎಷ್ಟು ಬಿಗಿ ಹಿಡಿದಿದ್ದೇನೆ ಅಂತ ಬೆರಳು ಹೇಳದಿದ್ದಾಗ ಸ್ಪ್ರಿಂಗೇ ಆ ಕೆಲಸ ಮಾಡುತ್ತದೆ. ಚಿಕ್ಕ ತುಣುಕನ್ನು ಸ್ಪ್ರೂನಲ್ಲಿರುವಾಗಲೇ ಬಣ್ಣ ಬಳಿದು, ಕತ್ತರಿಸುವ ಮೊದಲು ಹಿಂಬದಿಗೆ ಟೇಪ್ ಅಂಟಿಸಿ. ಹಾರುವುದಿಲ್ಲ.

ಉತ್ತರ 2

ಚಾಕುವಿನ ಬಗ್ಗೆ ದಯವಿಟ್ಟು ಹುಷಾರು. ಕುಯ್ದರೂ ನಿಮಗೆ ತಿಳಿಯದು. ಸೋಂಕು ತಡೆಯುವ ಬಿಳಿ ರಕ್ತಕಣ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಸರಿಯಾಗಿವೆಯೇ ಅಂತ ಡಾಕ್ಟರನ್ನು ಕೇಳಿಯೇ ಬ್ಲೇಡ್ ಮುಟ್ಟಿ. ಸ್ಪ್ರೂ ಗುರುತನ್ನು ಉಜ್ಜುಕಾಗದಿಂದಲೇ ತೆಗೆಯಬಹುದು, ಒದ್ದೆ ಮಾಡಿ ಉಜ್ಜಿದರೆ ಧೂಳೂ ಏಳದು. ಲ್ಯಾಕರ್, ಥಿನ್ನರ್ ಸದ್ಯಕ್ಕೆ ಬೇಡ, ನೀರಿನ ಅಕ್ರಿಲಿಕ್ ಸಾಕು. ಅಂಟು ಹಾಕುವಾಗ ಕಿಟಕಿ ತೆಗೆದಿರಲಿ.

ಉತ್ತರ 3

1/32 ಅಳತೆಯ ದೊಡ್ಡ ಕಿಟ್‌ಗೆ ಹೋಗಿ. 1/72ರಲ್ಲಿ ರೆಕ್ಕೆ ತುದಿಯಿಂದ ತುದಿಗೆ ಸುಮಾರು 15.6 ಸೆಂ.ಮೀ., 1/32ರಲ್ಲಿ 35. ತುಣುಕುಗಳೂ ಅದೇ ಲೆಕ್ಕದಲ್ಲಿ ದೊಡ್ಡವು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದ. ದೊಡ್ಡ ಕಿಟ್ ಸಲಹೆ ಸರಿಯಾದದ್ದೇ, ಮುಂದಿನದು ಅದೇ. ಆದರೆ ಇದರ ಸೀಟಿಗೆ ಬಣ್ಣ ಬಳಿಯುತ್ತಿದ್ದಾಗಲೇ ಸ್ಕ್ಯಾನ್ ರಿಪೋರ್ಟಿನ ಫೋನ್ ಬಂದಿತ್ತು. ಬ್ರಷ್ ತೊಳೆಯದೆ ಎದ್ದಿದ್ದೆ, ಅದರ ಕೂದಲು ಕಲ್ಲಾಗಿ ಡಬ್ಬದಲ್ಲೇ ಬಿದ್ದಿತ್ತು. ಇದನ್ನು ಬಿಟ್ಟು ಬೇರೆಯದಕ್ಕೆ ಕೈ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ರಕ್ತಪರೀಕ್ಷೆ ಸರಿಯಿದೆ ಅಂದರು ಡಾಕ್ಟರು. ಇವತ್ತು ಇಪ್ಪತ್ತು ನಿಮಿಷ ಕೂತೆ, ಅಷ್ಟಕ್ಕೇ ಸುಸ್ತು. ಕೆಳರೆಕ್ಕೆಗೆ ಎಡಗಡೆಯ ಮೇಲ್ಭಾಗ ಕೂಡಿಸಿ ಟೇಪ್ ಸುತ್ತಿಟ್ಟಿದ್ದೇನೆ. ಸಂದು ಬಿಟ್ಟಿದೆಯೇ ಅಂತ ಬೆರಳಾಡಿಸಿ ನೋಡುವ ಹಳೇ ಅಭ್ಯಾಸ ಉಪಯೋಗಕ್ಕೆ ಬರಲಿಲ್ಲ. ದೀಪದ ಎದುರು ಹಿಡಿದು ನೋಡಿದೆ, ಬೆಳಕು ಎಲ್ಲೂ ತೂರಲಿಲ್ಲ. ಬಲಗಡೆಯದು ನಾಳೆ.